ಎಕೋ ಕೋಣೆಯಲ್ಲಿ ರಕ್ಕಸನ ಕಂಬಳಿ

ಮಂಚದ ಮೇಲೆ ಕೂತರೆ ಮಂಚ ಕುಣಿಯಬೇಕು, ನೆಲದ ಮೇಲೆ ನಿಂತರೆ ನೆಲ ತಿರುಗಬೇಕು, ಅಂಥ ಹುಡುಗಿ. ಅದಕ್ಕೇ ಮನೆಯವರೆಲ್ಲ ಅವಳನ್ನು ಗಿರಗಿಟ್ಲೆ ಅಂತಲೇ ಕರೆಯುತ್ತಿದ್ದರು. ಆಸ್ಪತ್ರೆ ಸೇರಿದ ಮೇಲೆ ನರ್ಸುಗಳ ಬಾಯಲ್ಲೂ ಅದೇ ಹೆಸರು. ಇವತ್ತು ಆ ಗಿರಗಿಟ್ಲೆ ಅಲುಗಾಡದೆ ಮಲಗಬೇಕಿತ್ತು.

ಅವಳ ಎಡಗಡೆಯ ಕಿಡ್ನಿಯಲ್ಲಿ ಕ್ಯಾನ್ಸರ್ ಗಡ್ಡೆ. ತಾನು ಬೆಳೆದದ್ದು ಸಾಲದೆಂದು ಅದು ರಕ್ತದೊತ್ತಡವನ್ನೂ ಏರಿಸಿ ಕೂತಿತ್ತು. ಆ ಒತ್ತಡಕ್ಕೆ ಎದುರಾಗಿ ದುಡಿದೂ ದುಡಿದೂ ಪುಟ್ಟ ಹೃದಯ ಹಿಗ್ಗಿ ಸೋತಿತ್ತು. ಗಡ್ಡೆ ಕುಗ್ಗಿಸಲು ಒಂದು ಔಷಧಿ, ಒತ್ತಡ ಇಳಿಸಲು ಇನ್ನೊಂದು, ಹೀಗೆ ವಾರಗಟ್ಟಲೆ ನಡೆದು ಈಗ ಉಳಿದದ್ದು ಒಂದೇ ಪ್ರಶ್ನೆ. ಕಿಡ್ನಿ ತೆಗೆಯುವ ಆಪರೇಷನ್ನನ್ನು ಹೃದಯ ತಾಳುತ್ತದೋ ಇಲ್ಲವೋ? ಅದನ್ನು, ಎದೆಯ ಮೇಲೆ ಉಪಕರಣ ಆಡಿಸಿ ಹೃದಯದ ಚಿತ್ರ ತೆಗೆಯುವ ಎಕೋ ಹೇಳಬೇಕು. ನಿದ್ದೆ ಬರಿಸುವ ಔಷಧಿ ಕೊಡೋಣವೆಂದರೆ, ಬಳಲಿದ ಹೃದಯಕ್ಕೆ ಅದೂ ಬೇಡ ಎಂದಿದ್ದರು ಡಾಕ್ಟರು. ಅಮ್ಮ ಮಂಚದ ಪಕ್ಕದಲ್ಲೇ ನಿಂತಿದ್ದಳು.

ಎಕೋ ತೆಗೆಯುವವನು ಗಂಭೀರ ಮುಖದ ಮನುಷ್ಯ. ತಣ್ಣನೆಯ ಜೆಲ್ ಎದೆಗೆ ಹಚ್ಚಿದ್ದೇ ತಡ, ಗಿರಗಿಟ್ಲೆ ಕಿಲಕಿಲ ನಕ್ಕು ಸುರುಳಿಯಾದಳು. ಪರದೆಯ ಮೇಲೆ ಹೃದಯದ ಬದಲು ಬರೀ ಮಂಜು. ಇನ್ನೊಮ್ಮೆ ಹಚ್ಚಿದ, ಮತ್ತೆ ಮಂಜು. ಕೊನೆಗೆ ಕೈಚೆಲ್ಲಿ, ಮಗು ಯಾರ ಮಾತು ಕೇಳುತ್ತದೆ ಎಂದು ವಿಚಾರಿಸಿದ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಜ್ಜಿ ಒಳಗೆ ಬಂದದ್ದು ಹಾಗೆ.

ಅಜ್ಜಿ ಕತೆ ಶುರುಮಾಡಿದಳು. ಹುಟ್ಟಿದಾಗಿನಿಂದ ಕಂಬಳಿ ಒಗೆಯದ ಒಬ್ಬ ರಕ್ಕಸನಂತೆ. ವಾಸನೆಗೆ ಹೆದರಿ ಯಾವ ರಕ್ಕಸಿಯೂ ಅವನನ್ನು ಮದುವೆಯಾಗಲು ಒಪ್ಪಲಿಲ್ಲವಂತೆ. ಗಿರಗಿಟ್ಲೆ "ಹೂಂ" ಎಂದಳು. ಅವಳ ಹೂಂ ಬರೀ ಬಾಯಿಂದ ಬರುವಂಥದ್ದಲ್ಲ. ಭುಜ, ಸೊಂಟ, ಕಾಲ್ಬೆರಳು ಎಲ್ಲ ಸೇರಿ ಹೇಳುವಂಥದ್ದು. ಪರದೆ ಮಂಜಾಯಿತು. ದಯವಿಟ್ಟು ಹೂಂ ಅನ್ನಬೇಡ ಎಂದು ಎಕೋ ತೆಗೆಯುವವನು ಕೇಳಿಕೊಂಡ. ಅಜ್ಜಿ ಕತೆಯನ್ನೇ ನಿಲ್ಲಿಸಿಬಿಟ್ಟಳು.

"ಹೂಂಗುಟ್ಟೋರು ಇಲ್ದೆ ನಾನು ಕತೆ ಹೇಳಲ್ಲಪ್ಪ. ಗೋಡೆ ಜೊತೆ ಮಾತಾಡಿದ ಹಾಗಾಗುತ್ತೆ."

ಅಮ್ಮ ತಾನೇ ಹೂಂ ಎಂದಳು. ಅದು ಹೂಂ ಅಲ್ಲ, ನಿಟ್ಟುಸಿರು ಎಂದು ಅಜ್ಜಿ ತಳ್ಳಿಹಾಕಿದಳು. ಹುಡುಗಿ ಆಗಲೇ ಕಾಲು ಜಾಡಿಸತೊಡಗಿದ್ದಳು. ಆಗ ಪರದೆಯಿಂದ ಕಣ್ಣು ಕೀಳದೆ ಆ ಗಂಭೀರ ಮನುಷ್ಯನೇ "ಹೂಂ" ಎಂದ.

ಅಜ್ಜಿಗೆ ರೆಕ್ಕೆ ಬಂತು. ರಕ್ಕಸ ಕಂಬಳಿ ಹೊತ್ತು ಕೆರೆಗೆ ಹೋದ. ಹೂಂ. ಕೆರೆಯ ಮೀನುಗಳೆಲ್ಲ ಮೂಗು ಮುಚ್ಚಿಕೊಂಡು ದಡ ಹತ್ತಿದವು. ಹೂಂ. ಯಂತ್ರದಿಂದ ರಕ್ತ ಹರಿಯುವ ಸದ್ದು ಛಪ್ ಛಪ್ ಎಂದು ಕೇಳಿಸಿದ್ದೇ, ನೋಡು, ಒಗೆಯೋಕೆ ಶುರುಮಾಡಿದ ಎಂದಳು ಅಜ್ಜಿ. ಗಿರಗಿಟ್ಲೆ ಕಣ್ಣರಳಿಸಿ ಕಲ್ಲಾದಳು. ಎದೆಯೊಳಗೆ ಬಟ್ಟೆ ಒಗೆಯುತ್ತಿರುವ ರಕ್ಕಸ ಎದ್ದು ಓಡದಿರಲಿ ಎಂದು ಉಸಿರನ್ನೂ ಮೆಲ್ಲಗೆ ಬಿಟ್ಟಳು. ಕಲ್ಲಾದವಳು ಅವಳೊಬ್ಬಳೇ ಅಲ್ಲ. ಕಂಬಳಿಯ ಕೊಳೆಯೊಳಗಿಂದ ರಾಜನ ಕಳೆದುಹೋದ ಕುದುರೆ ಹೊರಬಿದ್ದಾಗ, ಎಕೋ ತೆಗೆಯುವವನು ಕೈಯಲ್ಲಿದ್ದ ಉಪಕರಣವನ್ನು ಗಾಳಿಯಲ್ಲೇ ಎತ್ತಿ ಹಿಡಿದು, "ಕುದುರೆ ಬದುಕಿತ್ತಾ ಅಜ್ಜಿ?" ಎಂದು ಕೇಳುತ್ತಿದ್ದ. ಚಿತ್ರ ತೆಗೆಯುವುದೇ ಅವನಿಗೆ ಮರೆತುಹೋಗಿತ್ತು.

ಇಷ್ಟೇಕೆ ತಡವಾಯಿತೆಂದು ನೋಡಲು ಬಂದ ಹೃದಯದ ಡಾಕ್ಟರಮ್ಮ ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೇನೋ ಎಂದು ಅಮ್ಮ ಮುದುಡಿದಳು. ಅವರು ಉಪಕರಣವನ್ನು ತಾವೇ ತೆಗೆದುಕೊಂಡು, ಹೂಂಗುಟ್ಟುವ ಕೆಲಸವನ್ನಷ್ಟೇ ಅವನಿಗೆ ಬಿಟ್ಟರು. ಕುದುರೆ ಬದುಕಿತ್ತು, ಸಾಲದ್ದಕ್ಕೆ ಸೀನುತ್ತಿತ್ತು. ಅಮ್ಮನಿಗೆ ನಗು ಉಕ್ಕಿ ಬಂದು, ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಡಾಕ್ಟರಮ್ಮ ಮಾತ್ರ ನಗಲಿಲ್ಲ. ಪರದೆಯ ಮೇಲೆ ಗೆರೆ ಎಳೆದು ಅಳೆದರು, ಅಳಿಸಿದರು, ಮತ್ತೆ ಅಳೆದರು. ಅಮ್ಮನ ನಗು ಅಂಗೈಯೊಳಗೇ ಹೆಪ್ಪುಗಟ್ಟಿತು.

"ಹೋದ ಸಲಕ್ಕಿಂತ ಎಷ್ಟೋ ಚೆನ್ನಾಗಿ ಪಂಪ್ ಮಾಡ್ತಿದೆ," ಎಂದರು ಅವರು. "ಆಪರೇಷನ್ ಮಾಡಬಹುದು ಅಂತ ಸರ್ಜನ್‌ಗೆ ಹೇಳ್ತೀನಿ."

ಮುಂದಿನದನ್ನೂ ಅವರು ಮುಚ್ಚಿಡಲಿಲ್ಲ. ಕಿಡ್ನಿ ತೆಗೆದ ಮೇಲೂ ಔಷಧಿ ಇರುತ್ತದೆ, ಹೃದಯಕ್ಕೆ ಹೊರೆಯಾಗದಂಥದ್ದನ್ನೇ ಆರಿಸಬೇಕಾಗುತ್ತದೆ, ಎಕೋ ಆಗಾಗ ನಡೆಯುತ್ತಲೇ ಇರಬೇಕು. ಅಮ್ಮ ತಲೆಯಾಡಿಸಿದಳು, ಅರ್ಧ ಕಿವಿಗೆ ಬಿತ್ತು, ಅರ್ಧ ಬೀಳಲಿಲ್ಲ. ಕಾಲು ನೆಲದ ಮೇಲಿದೆಯೋ ಇಲ್ಲವೋ ಅವಳಿಗೇ ತಿಳಿಯದು. ಮಗಳ ಎದೆಯ ಜೆಲ್ ಒರೆಸಲು ಹೋಗಿ, ಅದೇ ಕೈಯಿಂದ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಬಳಿದುಕೊಂಡಿದ್ದಳು.

"ಡಾಕ್ಟ್ರೇ, ಮೊದಲು ಹೇಳಿದ್ರಲ್ಲ, ಚೆನ್ನಾಗಿದೆ ಅಂತ, ಅದನ್ನ ಇನ್ನೊಂದ್ಸಲ ಹೇಳಿ."

ಡಾಕ್ಟರಮ್ಮ ಸ್ಟೂಲು ಎಳೆದುಕೊಂಡು ಕೂತು, ಮೊದಲಿನಿಂದ ಹೇಳಿದರು.