ತೆಸ್ಸಕ್ಕನ ಕಂಬಳಿ

ತೆಸ್ಸಕ್ಕನ ಎಡಭುಜ ಬಲಭುಜಕ್ಕಿಂತ ಒಂದು ಗೇಣು ಕೆಳಗಿತ್ತು. ನಲವತ್ತು ವರ್ಷ ಒಂದೇ ಕೈಯಲ್ಲಿ ಬುಗ್ಗೆಯ ನೀರಿನ ಕೊಡ ಹಿಡಿದು, ಊರಬಾಗಿಲಾಚೆ ಆಲಿವ್ ತೋಪಿನ ಕೆಳಗಿದ್ದ ಕುಷ್ಠರೋಗಿಗಳ ಮನೆಗೆ ನಡೆದ ದೇಹ ಅದು. ಬರಿಗೈಯಲ್ಲಿ ಬಂದಾಗಲೂ ಕಾಣದ ಕೊಡವೊಂದು ಜೋತುಬಿದ್ದ ಹಾಗೆ ವಾಲಿಕೊಂಡೇ ನಡೆಯುತ್ತಿದ್ದಳು. ಯಾರು ಏನೇ ಕೇಳಲಿ, ಮೊದಲು "ತಡಿ, ಇದೊಂದು ಮುಗೀಲಿ" ಅನ್ನುವಳು. ಬಿಷಪ್ಪರನ್ನೂ ಒಮ್ಮೆ ಹಾಗೇ ಹೊಸಿಲಲ್ಲಿ ನಿಲ್ಲಿಸಿ, ಮುದುಕ ರೋಗಿ ಲಾಪೊನ ಕಾಲು ತೊಳೆದು ಮುಗಿಸಿದಳಂತೆ.

ಅವಳಿಗೆ ಹೊದೆಯಲು ಇದ್ದದ್ದು ಒಂದೇ ಬೂದುಬಣ್ಣದ ಕಂಬಳಿ. ನಮ್ಮೂರ ಹೆಂಗಸರಿಗೋ ಸಂತರ ಬಟ್ಟೆಯ ಚೂರೆಂದರೆ ಪ್ರಾಣ. ಹೆರಿಗೆ ಕಷ್ಟವಾದರೆ ಹೊಟ್ಟೆಯ ಮೇಲೆ, ಜ್ವರ ಬಂದರೆ ತಲೆದಿಂಬಿನಡಿ. ಸತ್ತ ಮೇಲೆ ಕತ್ತರಿಸಿಕೊಳ್ಳುವುದು ಪದ್ಧತಿ. ತೆಸ್ಸಕ್ಕನ ವಿಷಯದಲ್ಲಿ ನಮಗೆ ಅಷ್ಟು ತಾಳ್ಮೆ ಇರಲಿಲ್ಲ. ಅವಳು ಇಗರ್ಜಿಯಲ್ಲಿ ಮಂಡಿಯೂರಿದಾಗಲೆಲ್ಲ ಹಿಂದಿನಿಂದ ಒಬ್ಬೊಬ್ಬರು ಬೆರಳಗಲ ಕತ್ತರಿಸಿ ಕತ್ತರಿಸಿ, ಹಿಮ್ಮಡಿ ಮುಟ್ಟುತ್ತಿದ್ದ ಕಂಬಳಿ ಆ ಚಳಿಗಾಲಕ್ಕೆ ಸೊಂಟಕ್ಕೇರಿತ್ತು. ಅವಳ ಕೆಮ್ಮು ಎದೆಗಿಳಿದಿತ್ತು.

ನನ್ನ ಮಗಳು ಫಿಯೊರಾಳಿಗೆ ಎಂಟು ದಿನವಾದರೂ ಜ್ವರ ಇಳಿಯದಾಗ ನಾನೂ ಕತ್ತರಿ ಹಿಡಿದು ಇಗರ್ಜಿಯಲ್ಲಿ ತೆಸ್ಸಕ್ಕನ ಬೆನ್ನ ಹಿಂದೆ ಕೂತೆ. ಕತ್ತರಿ ಮೊಂಡು, ಎಳೆದಾಡಿದ್ದು ಅವಳಿಗೆ ತಿಳಿಯಿತು.

"ತಡಿ, ಈ ಪ್ರಾರ್ಥನೆ ಮುಗೀಲಿ," ಅಂದಳು. ಮುಗಿಸಿ ತಿರುಗಿ, "ಏನವ್ವಾ, ನನ್ನ ಬೆನ್ನಿಗೆ ಗಾಳಿ ಸಾಲದು ಅನ್ನಿಸ್ತಾ?"

"ಮಗೂಗೆ ಜ್ವರ ಬಿಡ್ತಿಲ್ಲ ಅಕ್ಕಾ. ಒಂದು ಚೂರು ಸಿಕ್ಕಿದ್ರೆ..."

"ಇದಕ್ಕೆ ಅಷ್ಟು ಶಕ್ತಿ ಇದ್ದಿದ್ರೆ ನನ್ನ ಕೆಮ್ಮು ಯಾಕೆ ಹೋಗ್ಲಿಲ್ಲ? ನನ್ನ ಬಟ್ಟೆ ತಾನೆ ಬೇಕು? ಬಾ."

ರೋಗಿಗಳ ಮನೆಗೆ ಕರೆದೊಯ್ದು ಕೈಗಿಟ್ಟದ್ದು ಕೀವು ಒಣಗಿ ಸೆಟೆದ ಗಾಯದ ಪಟ್ಟಿಗಳ ಬುಟ್ಟಿ. "ಇವೂ ನನ್ನವೇ. ಬೂದಿನೀರಲ್ಲಿ ಕುದಿಸಿ ಒಗೆದು ತಾ. ಅಲ್ಲೀವರೆಗೆ ನಿನ್ನ ಮಗಳ ಹತ್ರ ನಾನು ಕೂತಿರ್ತೀನಿ."

ಮೂಗು ಮುಚ್ಚಿ ಒಗೆದೆ. ಮೂರು ದಿನ ನಾನು ಬುಗ್ಗೆಯ ಬಳಿ, ಅವಳು ನನ್ನ ಮಗಳ ಹಣೆಯ ಬಳಿ. ನಾಲ್ಕನೆಯ ದಿನ ಫಿಯೊರಾ ಗಂಜಿ ಕೇಳಿದಳು. ಪವಾಡವೋ ತಣ್ಣೀರುಬಟ್ಟೆಯೋ, ನಾನು ಹೇಳಲಾರೆ. ಆಮೇಲೆ ಕತ್ತರಿ ಹಿಡಿದು ಬಂದವರಿಗೆಲ್ಲ ಬುಟ್ಟಿಯೇ ಸಿಕ್ಕಿತು. ಲಾಪೊ ನಗುತ್ತಿದ್ದ: "ತೆಸ್ಸಾ, ಪಟ್ಟಿಗಳು ಬೆಳ್ಳಗಾಗಿದ್ದೇನೋ ಸರಿ, ಊರ ಹೆಂಗಸ್ರ ಮೂತಿ ಮಾತ್ರ ಕಪ್ಪಗಾಯ್ತಲ್ಲೇ."

ಏಳು ವರ್ಷದ ಮೇಲೆ ಅವಳು ತೀರಿಕೊಂಡಾಗ ಊರೇ ಓಡಿತು. ಸುಳ್ಳೇಕೆ, ನನ್ನ ಮಡಿಲಲ್ಲೂ ಕತ್ತರಿಯಿತ್ತು. ಮೈಮೇಲೆ ಕಂಬಳಿ ಇರಲಿಲ್ಲ. ಉಳಿದದ್ದನ್ನು ತಾನೇ ಹರಿದು ಲಾಪೊನ ಪಾದಗಳಿಗೆ ಸುತ್ತಿದ್ದಳು. ಹೊಸಿಲ ಬಳಿ ಆ ದಿನದ ಪಟ್ಟಿಗಳ ಬುಟ್ಟಿ ಒಗೆಯದೆ ಹಾಗೇ ಕೂತಿತ್ತು. ಪಾದ್ರಿಗಳು ಹೆಣ ಎತ್ತಲು ಅವಸರಪಡಿಸಿದಾಗ ನನ್ನ ಫಿಯೊರಾ ಬುಟ್ಟಿಯನ್ನು ಸೊಂಟಕ್ಕೇರಿಸಿ, "ತಡೀರಿ ಫಾದರ್, ಇದೊಂದು ಮುಗೀಲಿ," ಅಂದಳು. ನಾವೆಲ್ಲ ಅವಳ ಹಿಂದೆ ಬುಗ್ಗೆಗೆ ಇಳಿದೆವು. ಇಗರ್ಜಿಯ ಗಂಟೆ ನಮಗಾಗಿ ಕಾಯಿತು.

ಇಂಥ ಜನ ತಮ್ಮದೆಂದು ಒಂದು ನೂಲನ್ನೂ ಉಳಿಸಿ ಹೋಗುವುದಿಲ್ಲ. ಅವರ ಅರ್ಧಕ್ಕೆ ನಿಂತ ಕೆಲಸ ಹೊಸಿಲಲ್ಲಿ ಕಾದಿರುತ್ತದೆ; ಅದನ್ನು ಎತ್ತಿಕೊಂಡವರ ಭುಜ ಮೆಲ್ಲಮೆಲ್ಲನೆ ಒಂದು ಕಡೆಗೆ ವಾಲತೊಡಗುತ್ತದೆ.