ಅಂಡ್ ಸನ್

ಅಪ್ಪನದು ಶಾಲಾ ಯೂನಿಫಾರಂ ಹೊಲಿಯುವ ಅಂಗಡಿ. ಶಾಲೆ ಶುರುವಾಗುವ ಕಾಲಕ್ಕೆ ಊಟಕ್ಕೂ ಪುರುಸೊತ್ತಿಲ್ಲ, ಉಳಿದ ತಿಂಗಳೆಲ್ಲ ನೊಣ ಹೊಡೆಯುವ ಕೆಲಸ. ಅದನ್ನು ವರ್ಷವಿಡೀ ನಡೆಯುವ ಅಂಗಡಿ ಮಾಡಬೇಕೆಂಬ ಹುಚ್ಚಿನಲ್ಲೇ ನಾನು ಪರದೇಶಕ್ಕೆ ಹೋಗಿ ಸಣ್ಣ ಉದ್ಯಮ ನಡೆಸುವುದನ್ನು ಓದಿದೆ. ಸ್ಕಾಲರ್‌ಶಿಪ್ ಸಿಕ್ಕಾಗ ಅಪ್ಪ ಬೀದಿಗೆಲ್ಲ ಸಿಹಿ ಹಂಚಿದರು. ಓದಿ ಏನು ಮಾಡುತ್ತೀಯ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅದು ಹೇಳಬೇಕಾದ ವಿಷಯ ಅಂತಲೇ ನನಗೆ ಅನ್ನಿಸಿರಲಿಲ್ಲ.

ಅಲ್ಲಿ ಒಂದು ದಿನ ಪಾಠದ ನಡುವೆ ನಮ್ಮ ಮೇಡಂ, "ಮನೆ ವ್ಯಾಪಾರ ಮುಂದೆ ಯಾರ ಕೈಗೆ ಅಂತ ತೀರ್ಮಾನ ಆಗಿರೋರು ಯಾರಿದೀರಿ?" ಎಂದರು. ನಾನು ಕೈ ಎತ್ತಿದೆ.

"ಯಾರ ಕೈಗೆ?"

"ನನ್ನ ಕೈಗೆ."

"ಅಪ್ಪನ್ನ ಕೇಳಿದೀಯಾ?"

ನನಗೆ ನಗು ಬಂತು. ನಿಮ್ಮ ನಂತರ ಅಂಗಡಿ ಯಾರಿಗೆ ಎಂದು ಗುಂಡುಕಲ್ಲಿನಂತಿರುವ ಅಪ್ಪನನ್ನು ಕೇಳುವುದುಂಟೇ? "ಬಿಡ್ತು ಅನ್ನು!" ಎಂದು ಅಮ್ಮ ಬಾಯಿಗೇ ಹೊಡೆದಾಳು.

ದಿನಾ ತರಗತಿ ಮುಗಿಸಿ ಹಾಸ್ಟೆಲಿಗೆ ನಡೆಯುತ್ತಾ ಅಣ್ಣನಿಗೆ ಫೋನ್ ಮಾಡುತ್ತಿದ್ದೆ. ಅಂದು ಕಲಿತದ್ದನ್ನು ಅಂದೇ ಅವನ ಕಿವಿಗೆ ಹಾಕುವುದು. ನಾನು ಬರುವವರೆಗೆ ಅಂಗಡಿ ಕಾಯುವವನು ಅವನೇ ತಾನೇ? ಮೊದಮೊದಲು ಆಕಳಿಸುತ್ತಿದ್ದ.

"ಖಾಲಿ ತಿಂಗಳಲ್ಲಿ ಆಸ್ಪತ್ರೆ ನರ್ಸ್‌ಗಳ ಬಟ್ಟೆ ಹಿಡಿಯೋ. ಯೂನಿಫಾರಂ ಅಂದ್ರೆ ಮಕ್ಕಳಿಗೆ ಮಾತ್ರಾನಾ?"

"ಅವರು ನಮಗ್ಯಾಕೆ ಕೊಡ್ತಾರೆ ಕಣೇ?"

"ಸುಮ್ನೆ ಕೇಳಿದ್ರೆ ಕೊಡಲ್ಲ. ಒಂದು ಸ್ಯಾಂಪಲ್ ಹೊಲಿದು ತಗೊಂಡು ಹೋಗು. ಜೇಬು ದೊಡ್ಡದಿರಲಿ, ಅವರಿಗೆ ಬೇಕಾಗಿರೋದೇ ಅದು."

ಹೋದ, ಆರ್ಡರ್ ಹಿಡಿದುಕೊಂಡೇ ಬಂದ. ಆಮೇಲೆ ನಾನು ಮಾಡುವ ಮೊದಲೇ ಅವನ ಫೋನ್ ಬರತೊಡಗಿತು. ಅಪ್ಪನಂತೂ, "ನಿಮ್ಮಣ್ಣ ಎಷ್ಟು ಚುರುಕಾಗಿದಾನೆ ಗೊತ್ತಾ? ಅವನ ತಲೇಲಿ ಇಷ್ಟೆಲ್ಲ ಇತ್ತು ಅಂತ ನಂಗೇ ಗೊತ್ತಿರಲಿಲ್ಲ" ಎಂದು ಹಿಗ್ಗುತ್ತಿದ್ದರು. ನಾನೂ ಹೂಂಗುಟ್ಟಿದೆ. ಅಣ್ಣನ ಬೆನ್ನು ತಟ್ಟಿದರೆ ನನ್ನ ಗಂಟೇನು ಹೋಗುತ್ತದೆ ಎಂದುಕೊಂಡೆ.

ಓದು ಮುಗಿಸಿ ಬಂದ ಮರುದಿನ ಅಂಗಡಿಗೆ ಹೋದರೆ ಹೊಸ ಬೋರ್ಡು. ಅಪ್ಪನ ಹೆಸರು, ಪಕ್ಕದಲ್ಲಿ "ಅಂಡ್ ಸನ್". ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

ಒಳಗೆ ಅಪ್ಪ ಬಟ್ಟೆ ಕತ್ತರಿಸುತ್ತಿದ್ದರು. ಗಲ್ಲಾದ ಹಿಂದೆ ಅಣ್ಣ.

"ಬಾಮ್ಮ, ನಿನ್ನ ಸರ್ಟಿಫಿಕೇಟ್ ಕೊಡು, ಫ್ರೇಮ್ ಹಾಕ್ಸಿ ಇಲ್ಲಿ ತಗಲಿ ಹಾಕೋಣ. ಗಿರಾಕಿಗಳಿಗೆ ನಂಬಿಕೆ ಬರುತ್ತೆ" ಎಂದರು ಅಪ್ಪ.

"ಅದು ಗೋಡೆ ಮೇಲೆ, ಸರಿ. ನಾನೆಲ್ಲಪ್ಪ?"

"ನಿಂಗೇನಮ್ಮ, ಎಲ್ಲಿ ಹೋದ್ರೂ ಕರೆದು ಕೆಲಸ ಕೊಡ್ತಾರೆ. ಅವನಿಗೆ ಇದು ಬಿಟ್ರೆ ಇನ್ನೇನಿದೆ?"

"ಈ ಅಂಗಡಿಗೋಸ್ಕರಾನೇ ಓದಿದ್ದಪ್ಪ ನಾನು."

ಅಪ್ಪ ನಿಜಕ್ಕೂ ಬೆಪ್ಪಾದರು. "ಅಂಗಡೀಲಿ ಕೂರೋಕೆ ಯಾರಾದ್ರೂ ಅಷ್ಟು ದೂರ ಹೋಗಿ ಓದ್ತಾರಾ?"

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬಂದು ಸೇರಿತು ಎನ್ನುತ್ತಾರೆ. ನಮ್ಮನೆಯ ಹಾವಿಗೆ ಹುತ್ತ ಕಟ್ಟಿದ್ದು ತಾನೇ ಎಂಬ ನಂಬಿಕೆ. ಅಣ್ಣ ಕೆಟ್ಟವನಾಗಿದ್ದರೆ ಜಗಳವಾದರೂ ಆಡುತ್ತಿದ್ದೆ. ಅವನು ನನಗಾಗಿ ಕುರ್ಚಿ ಒರೆಸುತ್ತಿದ್ದ.

ಅಷ್ಟರಲ್ಲಿ ಆಸ್ಪತ್ರೆಯ ಹಿರಿಯ ನರ್ಸ್ ಒಬ್ಬರು ಅಳತೆ ಕೊಡಲು ಬಂದರು. ಹೆಣ್ಣುಮಕ್ಕಳ ಅಳತೆ ಮೊದಲಿನಿಂದಲೂ ನನ್ನದೇ ಕೆಲಸ. ಟೇಪಿಗೆ ಕೈ ಚಾಚಿದೆ.

"ನೀನ್ಯಾಕೆ, ಕೂತ್ಕೋ. ಅದಕ್ಕೆ ಈಗ ಹುಡುಗಿ ಇಟ್ಟಿದೀವಿ" ಎಂದ ಅಣ್ಣ. ಆಮೇಲೆ ಅವರ ಕಡೆ ತಿರುಗಿ, "ನನ್ನ ತಂಗಿ. ಫಾರಿನ್ನಲ್ಲಿ ಓದಿದಾಳೆ" ಎಂದ. ಅವನ ಮುಖದಲ್ಲಿ ಹೆಮ್ಮೆ ಇತ್ತು, ಸುಳ್ಳಲ್ಲ.

"ಹೌದಾ? ಮತ್ತೆ ಯಾವಾಗಮ್ಮ ವಾಪಸ್ ಹೋಗೋದು?" ಎಂದು ಅವರು ನನ್ನನ್ನು ಕೇಳಿದರು.

ಉತ್ತರ ಕೇಳಿಸಿಕೊಳ್ಳಲು ಅಪ್ಪನೂ ಕತ್ತರಿ ನಿಲ್ಲಿಸಿ ನನ್ನ ಮುಖ ನೋಡಿದರು.