ತವರದ ಸದ್ದು

ಶುದ್ಧ ತವರದ ಕಡ್ಡಿಯನ್ನು ಬಗ್ಗಿಸಿದರೆ ಅದು ಚರಚರ ಎನ್ನುತ್ತದೆ, ಒಣಗಿದ ಎಲೆಯನ್ನು ಮುಷ್ಟಿಯಲ್ಲಿ ಹಿಸುಕಿದ ಹಾಗೆ. ಒಳಗಿನ ಹರಳುಗಳು ಮಗ್ಗುಲು ಬದಲಿಸುವ ಸದ್ದು ಅದು. ಸೀಸ ಬೆರೆತಿದ್ದರೆ ಸದ್ದು ಸತ್ತುಹೋಗುತ್ತದೆ. ಬೇರಿಂಗುಗಳಿಗೆ ತವರದ ಬಿಳಿಲೋಹ ಎರೆಯುವ ಆ ಕಾರ್ಖಾನೆಯಲ್ಲಿ, ಬಂದ ತವರವನ್ನೆಲ್ಲ ಕಿವಿಯ ಪಕ್ಕ ಹಿಡಿದು ಬಗ್ಗಿಸಿ ‘ಆಯ್ತು’ ಅನ್ನುವ ಕೆಲಸ ಇಪ್ಪತ್ತೆಂಟು ವರ್ಷಗಳಿಂದ ಒಬ್ಬನದೇ. ಎಲ್ಲರೂ ಅವನನ್ನು ಕಿವಿಯಣ್ಣ ಎನ್ನುತ್ತಿದ್ದರು. ಅವನಿದ್ದಾಗ ಗುಟ್ಟು ಆಡಬೇಡಿ, ಗೋಡೆಗಿಂತ ಮೊದಲು ಅವನಿಗೆ ಕೇಳಿಸುತ್ತೆ ಎಂದು ಚುಡಾಯಿಸುತ್ತಿದ್ದರು.

ಆ ಕಿವಿ ಎರಡು ವರ್ಷಗಳಿಂದ ಮುಚ್ಚಿಕೊಳ್ಳುತ್ತ ಬಂದದ್ದು ಅವನೊಬ್ಬನಿಗೇ ಗೊತ್ತು. ಮೊದಲು ಸಣ್ಣ ಸದ್ದುಗಳು ಹೋದವು: ಬೀಗದಲ್ಲಿ ತಿರುಗುವ ಕೀಲಿಯದು, ಒಲೆಯ ಮೇಲಿನ ನೀರಿನದು. ಆಮೇಲೆ ಮಾತಿನ ಅಂಚುಗಳು ಹೋದವು. ಏನು ಕೇಳಿದರೂ ಹ್ಞೂಂ ಅನ್ನುತ್ತೀಯಲ್ಲ, ಒಂಟಿಯಾಗಿ ಇದ್ದೂ ಇದ್ದೂ ಮಾತೇ ಮರೆತೆಯಾ ಎಂದು ತಂಗಿ ಫೋನಿನಲ್ಲಿ ರೇಗಿದ ಮೇಲೆ ಅವನು ಫೋನು ಎತ್ತುವುದನ್ನೇ ಬಿಟ್ಟ. ಭಾನುವಾರ ಅದು ಮೇಜಿನ ಮೇಲೆ ಬೆಳಗುತ್ತಿತ್ತು, ನಡುಗುತ್ತಿತ್ತು, ಆರುತ್ತಿತ್ತು. ಅವನು ನೋಡುತ್ತ ಕೂತಿರುತ್ತಿದ್ದ.

ಊಟದ ಹೊತ್ತಿಗೆ ಮಾತ್ರ ಅವನಿಗೆ ಜೊತೆಯಿತ್ತು. ಎರಕದಕ್ಕ ತನ್ನ ಡಬ್ಬಿ ತಂದು ಪಕ್ಕದಲ್ಲೇ ಕೂರುತ್ತಿದ್ದಳು. ಆಂಟಿಮನಿಯ ಗಟ್ಟಿಯನ್ನು ಸುತ್ತಿಗೆಯಿಂದ ಗಾಜಿನಂತೆ ಪುಡಿಮಾಡಿ, ತೂಗಿದ ತಾಮ್ರದ ಜೊತೆ ಕರಗಿದ ತವರಕ್ಕೆ ಬೆರೆಸಿ, ಬೇರಿಂಗಿನ ಒಳಮೈಗೆ ಎರೆಯುವವಳು ಅವಳು. ಆಂಟಿಮನಿ ಸೇರಿದಲ್ಲಿ ಗಟ್ಟಿ ಹರಳು ಕಟ್ಟಿ, ಬೇರಿಂಗಿನೊಳಗೆ ತಿರುಗುವ ದಂಡದ ಭಾರ ಹೊರುತ್ತದೆ. ಸುತ್ತಲಿನ ಮೆತ್ತನೆಯ ತವರ ಸವೆದು ಎಣ್ಣೆಗೆ ಜಾಗ ಬಿಡುತ್ತದೆ. ಅವಳು ಕೆಲಸದಲ್ಲಿ ಗಟ್ಟಿಗಿತ್ತಿ, ಆದರೆ ದನಿ ಬಲು ಮೆಲು. ಕೆಲವು ತಿಂಗಳುಗಳಿಂದ ದಿನಾ ಏನೋ ಹೇಳುತ್ತಿದ್ದಳು. ಅವನು ಅವಳ ಮುಖ ನೋಡಿಕೊಂಡು, ಅವಳು ನಕ್ಕರೆ ತಾನೂ ನಗುತ್ತಿದ್ದ, ಹುಬ್ಬು ಗಂಟಿಕ್ಕಿದರೆ ‘ಹೌದೌದು’ ಎನ್ನುತ್ತಿದ್ದ. ಒಮ್ಮೆ ಅವಳು ಕಣ್ಣು ಒರೆಸಿಕೊಂಡಾಗ ನೀರಿನ ಲೋಟ ಮುಂದೆ ಸರಿಸಿದ್ದ. ಬೇರೆಯವರ ಹಾಗೆ ನಡುವೆ ಬಾಯಿ ಹಾಕುವುದಿಲ್ಲ ಎಂದು ಅವಳಿಗೆ ಅವನ ಮೇಲೆ ಗೌರವ.

ಆ ಸೋಮವಾರ ನೀರೆತ್ತುವ ಕೇಂದ್ರದಿಂದ ಒಂದು ಬೇರಿಂಗು ವಾಪಸು ಬಂತು. ಒಳಗಿನ ಲೋಹ ಮೇಣದಂತೆ ಹರಿದು ಒಂದು ಬದಿಗೆ ಗಡ್ಡೆ ಕಟ್ಟಿತ್ತು. ಮಾಲೀಕ ಅದನ್ನು ಎರಕದಕ್ಕನ ಮುಂದೆ ಕುಕ್ಕಿದ. ಅವನ ಬೈಗುಳ ಮಾತ್ರ ಕಿವಿಯಣ್ಣನಿಗೂ ಸ್ಪಷ್ಟವಾಗಿ ಕೇಳಿಸುತ್ತಿತ್ತು: ಲೋಹವನ್ನು ಅತಿಯಾಗಿ ಕಾಯಿಸಿದ್ದಾಳೆ, ನಾಳೆಯಿಂದ ಅವಳು ಬರಬೇಕಾಗಿಲ್ಲ. ಅವಳು ಉಷ್ಣಮಾಪಕದ ಕಡೆ ಕೈ ತೋರಿಸಿ ಏನೋ ಹೇಳಿದಳು. ಯಾರೂ ಕಿವಿಗೊಡಲಿಲ್ಲ.

ಕಿವಿಯಣ್ಣ ಉಗ್ರಾಣಕ್ಕೆ ಹೋದ. ಆ ಬೇರಿಂಗಿಗೆ ಬಳಸಿದ ತವರದ ಕಟ್ಟಿನಲ್ಲಿ ಉಳಿದಿದ್ದ ಕಡ್ಡಿಯೊಂದನ್ನು ಬಿಳಿ ಕಾಗದದ ಮೇಲೆ ಎಳೆದ. ಪೆನ್ಸಿಲಿನಿಂದ ಗೀಚಿದಂತೆ ಬೂದು ಗೆರೆ ಬಿತ್ತು. ಸೀಸ. ಸೀಸ ಬೆರೆತ ತವರ ಬೇಗ ಕರಗುತ್ತದೆ. ದಂಡ ತಿರುಗಿ ಬಿಸಿಯಾದಾಗ ಅದು ತಾಳುವುದಿಲ್ಲ. ಈ ಕಾಗದದ ಪರೀಕ್ಷೆ ಯಾವ ಹೊಸಬನಿಗೂ ಗೊತ್ತು. ಕಿವಿ ಇರುವವನಿಗೆ ಕಾಗದ ಯಾಕೆ ಎಂದು ಅವನು ಅದನ್ನು ಬಿಟ್ಟು ವರ್ಷಗಳಾಗಿದ್ದವು. ಆ ಕಟ್ಟು ಬಂದ ದಿನ ಕಡ್ಡಿ ಬಗ್ಗಿಸಿದ್ದೂ, ಚರಚರ ಕೇಳಿದ್ದೂ ಅವನಿಗೆ ನೆನಪಿತ್ತು. ಸುಳ್ಳಲ್ಲ, ಕೇಳಿಸಿತ್ತು. ಕೈ ಬಗ್ಗಿಸಿದೊಡನೆ ಇಪ್ಪತ್ತೆಂಟು ವರ್ಷದ ಅಭ್ಯಾಸ ತಲೆಯೊಳಗೇ ಸದ್ದು ಮಾಡಿತ್ತು.

ಬಾಯಿ ಬಿಟ್ಟರೆ ತನ್ನ ಕೆಲಸ ಹೋಗುತ್ತದೆ. ಕಿವಿಯಣ್ಣ ಎಂಬ ಹೆಸರೂ ಹೋಗುತ್ತದೆ. ಬಿಡದಿದ್ದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತದೆ. ಅವನು ಕಾಗದ ಹಿಡಿದು ಮಾಲೀಕನ ಬಳಿಗೆ ಹೊರಟ.

"ಎರಕ ಸರಿಯಾಗೇ ಇದೆ. ತವರದಲ್ಲಿ ಸೀಸ ಇದೆ, ಪಾಸ್ ಮಾಡಿದ್ದು ನಾನು," ಎಂದ. "ನಂಗೆ ಕಿವಿ ಕೇಳ್ಸಲ್ಲ. ಎರಡು ವರ್ಷ ಆಯ್ತು."

ಮಾಲೀಕ ಕಾಗದವನ್ನು ಹಿಂದೆಮುಂದೆ ತಿರುಗಿಸಿ ನೋಡಿದ. ಎರಕದಕ್ಕ ನೋಡುತ್ತಿದ್ದದ್ದು ಕಾಗದವನ್ನಲ್ಲ, ಅವನನ್ನು. ಹತ್ತಿರ ಬಂದು, ತುಟಿ ಓದಲಿ ಎಂಬಂತೆ ನಿಧಾನವಾಗಿ ಕೇಳಿದಳು.

"ಹಾಗಾದ್ರೆ ನಾನು ಇಷ್ಟು ದಿನ ಹೇಳಿದ್ದು?"

ಅವನು ತಲೆ ತಗ್ಗಿಸಿದ.

ಅವಳ ಕೆಲಸ ಉಳಿಯಿತು. ಹಳಬ ಎಂದು ಅವನನ್ನೂ ಹೊರಹಾಕಲಿಲ್ಲ. ಹಿಂದಿನ ಕೋಣೆಯಲ್ಲಿ ಬೇರಿಂಗಿನ ಒಳಮೈ ಕೆರೆಯುವ ಕೆಲಸ ಕೊಟ್ಟರು. ಅದಕ್ಕೆ ಕಣ್ಣು ಸಾಕು. ಮರುದಿನ ಊಟಕ್ಕೆ ಅವಳು ಬರಲಾರಳು ಎಂದುಕೊಂಡಿದ್ದ. ಬಂದಳು. ಅವನು ಬೆಳಗಿನಿಂದ ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದನ್ನು ಕೇಳಿದ.

"ಏನ್ ಹೇಳ್ತಿದ್ದೆ ಅಕ್ಕ? ಈಗ ಹೇಳು. ಸ್ವಲ್ಪ ಜೋರಾಗಿ."

ಅವಳು ಸುತ್ತ ನೋಡಿದಳು. ಎಂಟು ಹತ್ತು ಜನ ಡಬ್ಬಿ ಬಿಚ್ಚಿ ಕೂತಿದ್ದರು.

"ಅದು ಕೂಗಿ ಹೇಳೋ ವಿಷ್ಯ ಅಲ್ಲ," ಎಂದಳು, ಅವನಿಗೆ ಕೇಳಿಸುವಷ್ಟು ಜೋರಾಗಿ. ಒಂದಿಬ್ಬರು ತಿರುಗಿ ನೋಡಿದರು.

ಅಂದಿನಿಂದ ಅವಳು ಕೂಗಿಯೇ ಮಾತಾಡುತ್ತಾಳೆ. ಕುಲುಮೆ ಕೆಟ್ಟದ್ದು, ಬಸ್ಸು ತಡವಾದದ್ದು, ಕೆರೆಯುವ ಉಳಿಯ ಹರಿತ, ಹೀಗೆ ಎಲ್ಲರೂ ಕೇಳಿಸಿಕೊಳ್ಳಬಹುದಾದ ಮಾತುಗಳು. ಅವನಿಗೆ ಒಂದೊಂದೂ ಸ್ಪಷ್ಟವಾಗಿ ಕೇಳಿಸುತ್ತದೆ.